ಪಾಲಿಶ್ ಪ್ಯಾಡು ತೊಳೆಯುವವಳು

ಕೊಪ್ಪಳ ಜಿಲ್ಲೆಯಾದದ್ದು ತೊಂಬತ್ತೇಳರಲ್ಲಿ. ನಾನು ಮದುವೆಯಾಗಿ ಆ ಊರಿಗೆ ಬಂದದ್ದೂ ಅದೇ ವರ್ಷ. ಹೊಸ ಜಿಲ್ಲೆ ಎಂದರೆ ಹೊಸ ಆಫೀಸುಗಳು ಬರುತ್ತವೆ, ಆಫೀಸು ಬಂದರೆ ಜೀಪು ಬರುತ್ತವೆ, ಜೀಪಿಗೆ ಇವತ್ತಲ್ಲ ನಾಳೆ ಬಣ್ಣ ಬೇಕೇ ಬೇಕು ಎಂದುಕೊಂಡು ನಮ್ಮ ಮನೆಯವರು ಹೊಸಪೇಟೆಯ ಗ್ಯಾರೇಜಿನ ಕೆಲಸ ಬಿಟ್ಟು ಬಂದು, ಗದಗ ರಸ್ತೆಯ ಬದಿಯಲ್ಲಿ ತಗಡಿನ ಶೆಡ್ಡು ಹಾಕಿದ್ದರು. ಕಾರು, ಜೀಪುಗಳಿಗೆ ಬಣ್ಣ ಹೊಡೆಯುವುದು, ಆಮೇಲೆ ಪಾಲಿಶ್ ಮಾಡುವುದು ಅವರ ಕೆಲಸ. ಜೊತೆಗೆ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. ಮೊದಲು ಬಸ್ಸುಗಳಿಗೆ ಬಣ್ಣ ಹೊಡೆಯುತ್ತಿದ್ದವರು, ಬಿಳಿ ಗಡ್ಡದವರು. ಡಬ್ಬಿಯ ಮೇಲಿನ ನಂಬರು ನೋಡದೆ ಕಣ್ಣಳತೆಯಲ್ಲೇ ಬಣ್ಣ ಕಲಸುತ್ತಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನನ್ನ ತವರು ತಾವರಗೇರಾ ಹತ್ತಿರದ ಒಂದು ಹಳ್ಳಿ. ನಮ್ಮದು ಕುರಿ ಸಾಕುವ ಮನೆ. ಅಪ್ಪ ಹಿಂಡಿನ ಹಿಂದೆ ಹೋದರೆ ಅವ್ವ ಅಂಗಳದಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಮನೆಯ ಕಂಬಳಿಯನ್ನೆಲ್ಲ ತೊಳೆಯುವವಳೂ ಅವಳೇ. ನನ್ನ ಮದುವೆ ಗಟ್ಟಿಯಾದಾಗ ಸೋದರತ್ತೆಯೊಬ್ಬಳು ಕಿವಿಯಲ್ಲಿ ಹೇಳಿದ್ದಳು: "ಪ್ಯಾಟಿ ಮನಿ ಅದು. ಅರಬಿಗೆ ಕುರಿ ವಾಸನಿ ಇರಬಾರ್ದು ನೋಡು." ಅಷ್ಟು ಹೇಳಿ ನನ್ನ ಸೀರೆಗಳನ್ನೆಲ್ಲ ಮೂರು ಸಲ ತೊಳೆಸಿ, ಟ್ರಂಕಿನಲ್ಲಿ ಕರ್ಪೂರ ಇಟ್ಟು ಕಳಿಸಿದ್ದಳು. ಆ ಮಾತು ನನ್ನ ತಲೆಯಲ್ಲಿ ಎಷ್ಟು ಕೂತಿತ್ತೆಂದರೆ, ಕೊಪ್ಪಳಕ್ಕೆ ಬಂದ ಮೇಲೆ ಎಷ್ಟೋ ದಿನ ಸೆರಗನ್ನು ಮೂಗಿಗೆ ಹಿಡಿದು ನೋಡಿಕೊಳ್ಳುತ್ತಿದ್ದೆ. ಗಂಡನ ಮನೆಯಲ್ಲಿ ನಾನಾಗಿ ಕುರಿಯ ಸುದ್ದಿ ಎತ್ತಿದವಳೇ ಅಲ್ಲ.

ದಿನಾ ಮಧ್ಯಾಹ್ನ ಶೆಡ್ಡಿಗೆ ಬುತ್ತಿ ಒಯ್ಯುವುದು ನನ್ನ ಪಾಲಿಗೆ ಬಂದಿತ್ತು. ಅಲ್ಲಿಯೇ ಮೊದಲ ಸಲ ಪಾಲಿಶ್ ಮಷೀನು ನೋಡಿದ್ದು. ಕೈಯಲ್ಲಿ ಹಿಡಿಯುವ ಮಷೀನು, ಅದರ ಮುಂದೆ ಗರಗರ ತಿರುಗುವ ದುಂಡನೆಯ ಉಣ್ಣೆಯ ಪ್ಯಾಡು. ಬಣ್ಣದ ಮೇಲೆ ಕಾಂಪೌಂಡು ಎನ್ನುವ ಬಿಳಿ ಮುಲಾಮು ಹಚ್ಚಿ, ಈ ಪ್ಯಾಡಿನಿಂದ ಉಜ್ಜಿದರೆ ತಗಡು ಕನ್ನಡಿಯಾಗುತ್ತಿತ್ತು. ನಮ್ಮ ಮನೆಯವರು ಮಷೀನನ್ನು ಕೂಸಿನಂತೆ ನೋಡಿಕೊಳ್ಳುತ್ತಿದ್ದರು. ಸಂಜೆ ಒರೆಸಿ, ವೈರು ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತಿದ್ದರು. ಪ್ಯಾಡನ್ನು ಮಾತ್ರ ಕಂಬಕ್ಕೆ ಎರಡು ಸಲ ಬಡಿದು ಹೊರಗಿನ ಮೊಳೆಗೆ ನೇತುಹಾಕುತ್ತಿದ್ದರು. ಎದುರಿಗೇ ರಸ್ತೆ. ಲಾರಿಗಳು ಎಬ್ಬಿಸಿದ ಧೂಳೆಲ್ಲ ಅದರ ಮೇಲೆ. ನಾನು ನೋಡುತ್ತಿದ್ದೆ. ಗಂಡಸರ ಕೆಲಸದಲ್ಲಿ ನನ್ನದೇನು ಮಾತು ಎಂದುಕೊಂಡಿದ್ದೆ.

ಮದುವೆಯಾಗಿ ಒಂದು ವರ್ಷದ ಮೇಲೆ, ಬೇಸಿಗೆ ರಜೆಯ ಕೊನೆಯಲ್ಲಿ, ಯಲಬುರ್ಗಾದಿಂದ ಒಬ್ಬ ಹೆಡ್‌ಮಾಸ್ತರ್ ಅಕ್ಕೋರು ಬಂದರು. ಕೊಪ್ಪಳದ ಒಬ್ಬ ವಕೀಲರಿಂದ ಹಳೆಯ ಕಪ್ಪು ಅಂಬಾಸಿಡರ್ ಕಾರು ಕೊಂಡಿದ್ದರು. ಐವತ್ತರ ಹೆಂಗಸು, ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಕಲಿತಿದ್ದರು. ಅದನ್ನು ಹೇಳುವಾಗ ಅವರ ಮುಖ ಸಣ್ಣ ಹುಡುಗಿಯ ಹಾಗೆ ಅರಳಿತ್ತು.

"ನೋಡಪಾ, ಸೋಮವಾರ ಸಾಲಿ ಶುರು ಆಗ್ತೈತಿ. ಅವತ್ತು ಇದನ್ನ ನಾನ ಹೊಡ್ಕೊಂಡು ಹೋಗಾಕಿ," ಎಂದರು ನಮ್ಮ ಮನೆಯವರಿಗೆ. "ಹುಡುಗ್ರು ಇದರಾಗ ಮಾರಿ ನೋಡ್ಕೊಂಡು ತಲಿ ಬಾಚ್ಕೋಬೇಕು, ಹಂಗ ಹೊಳೀಬೇಕು."

"ಹೊಳೀತೈತ್ರಿ ಅಕ್ಕೋರ. ಚಿಂತಿ ಬಿಡ್ರಿ."

ಚಾಚಾ ನಾಲ್ಕು ದಿನ ಕೂತು ಕಪ್ಪು ಬಣ್ಣ ಹೊಡೆದರು. ಒಣಗಿದ ಮೇಲೆ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯವರು ಪಾಲಿಶ್ ಮಾಡಿದರು. ನಾನು ಬುತ್ತಿ ತಂದಾಗ ಶೆಡ್ಡಿನ ನೆರಳಿನಲ್ಲಿ ಕಾರು ಬಾವಿಯ ನೀರಿನ ಹಾಗೆ ಕಾಣುತ್ತಿತ್ತು. "ಒಂದ್ಸಲ ಬಿಸಿಲಿಗೆ ನೂಕಿ ನೋಡೂಣು," ಎಂದರು ಚಾಚಾ. ಮೂವರೂ ಸೇರಿ ಹೊರಗೆ ನೂಕಿದೆವು.

ಬಿಸಿಲು ಬಿದ್ದದ್ದೇ ನಮ್ಮ ಮನೆಯವರು ಬಗ್ಗಿ ಬಾನೆಟ್ಟಿಗೆ ಕಣ್ಣು ಹಚ್ಚಿದರು. ಬಾನೆಟ್ಟಿನ ಮೇಲೆ, ಬಾಗಿಲುಗಳ ಮೇಲೆ, ಎಲ್ಲೆಲ್ಲೂ ಕೂದಲೆಳೆಯಂಥ ಸುತ್ತು ಸುತ್ತು ಗೀರುಗಳು. ಕಾರಿನ ತುಂಬ ಜೇಡ ಬಲೆ ಕಟ್ಟಿದ ಹಾಗಿತ್ತು.

"ಈ ಕಾಂಪೌಂಡ ಕೆಟ್ಟೈತಿ," ಎಂದರು.

"ಇದ ಡಬ್ಬಿಲೆ ಹೋದ ವಾರ ಬಿಳಿ ಕಾರಿಗೆ ಹೊಡದಿಯಲ್ಲೋ," ಎಂದರು ಚಾಚಾ. "ಅವಾಗೂ ಬಿದ್ದಿರಬೇಕು. ಬಿಳಿ ಮ್ಯಾಲ ಕಾಣಲಿಲ್ಲ, ಕರಿ ಮ್ಯಾಲ ಕಾಣಾಕತ್ತೈತಿ. ಅಷ್ಟ."

ಅವರಿಬ್ಬರೂ ಬಗ್ಗಿ ಬಣ್ಣ ನೋಡುತ್ತಿದ್ದರು. ಬುತ್ತಿ ಇಡಲು ಜಾಗ ಮಾಡುತ್ತಿದ್ದ ನಾನು ಸ್ಟೂಲಿನ ಮೇಲಿದ್ದ ಪ್ಯಾಡನ್ನು ಎತ್ತಿದೆ. ಕೈಗೆ ಉಣ್ಣೆ ಎನಿಸಲಿಲ್ಲ, ಒಣಗಿದ ರೊಟ್ಟಿ ಹಿಡಿದಂತಾಯಿತು. ಎಳೆಗಳ ನಡುವೆ ಬೆರಳು ತೂರಿಸಿದೆ. ಒಳಗೆ ಹಳೆಯ ಕಾಂಪೌಂಡು ಹರಳುಗಟ್ಟಿತ್ತು, ಬುಡದಲ್ಲಿ ಮರಳು. ಅವ್ವ ಉಣ್ಣೆ ಆರಿಸುವಾಗ ಮುಂಗೈ ಒಳಮೈಗೆ ಸವರಿ ನೋಡುತ್ತಿದ್ದಳು, ಅಲ್ಲಿನ ಚರ್ಮ ಮೆತ್ತಗಿರುತ್ತದಲ್ಲ, ಅದಕ್ಕೆ. ನಾನೂ ಹಾಗೇ ಮಾಡಿದೆ. ಕೆಂಪಗೆ ಗೀರು ಎದ್ದಿತು.

"ಚಾಚಾ, ಇದನ್ನ ತೊಳದು ಎಷ್ಟ ದಿನ ಆತ್ರಿ?"

ಚಾಚಾ ನಕ್ಕರು. "ಪ್ಯಾಡ ಯಾರ ತೊಳೀತಾರ ಬೇಟಿ?"

"ಹೊಸಪ್ಯಾಟ್ಯಾಗ ಒಮ್ಮಿ ತೊಳದಿದ್ವಿ," ಎಂದರು ನಮ್ಮ ಮನೆಯವರು ತಲೆ ಎತ್ತದೆ. "ಕುದಿಯೋ ನೀರಾಗ ಸೋಡಾ ಹಾಕಿ ತಿಕ್ಕಿದ್ವಿ. ಹಪ್ಪಳ ಆತು. ಅವತ್ತಿಂದ ಬಿಟ್ಟೀವಿ."

"ಉಣ್ಣಿಗೆ ಕುದಿಯೋ ನೀರು ಹಾಕಿದ್ರ ಮತ್ತೇನ ಆಗ್ತೈತ್ರಿ?" ಎಂದುಬಿಟ್ಟೆ. ನನಗೇ ಗೊತ್ತಾಗದಷ್ಟು ಜೋರಾಗಿ ಬಂದಿತ್ತು ಮಾತು.

ಇಬ್ಬರೂ ನನ್ನ ಕಡೆ ತಿರುಗಿದರು. "ನಿನಗ ಹೆಂಗ ಗೊತ್ತ?" ಎಂದರು ನಮ್ಮ ಮನೆಯವರು.

"ನಾ ಕುರಿ ಮನಿ ಮಗಳ್ರಿ. ನಿಮಗ ಗೊತ್ತಿಲ್ಲೇನು?"

ಚಾಚಾ ಹಣೆಗೆ ಕೈ ಹಚ್ಚಿಕೊಂಡರು. "ಅರೆ ತಮ್ಮಾ, ಉಸ್ತಾದನ್ನ ಮನ್ಯಾಗ ಇಟ್ಕೊಂಡು ಡಬ್ಬಿಗೆ ಬೈಯಾಕತ್ತೀಯಲ್ಲೋ!"

ಹೊಸ ಪ್ಯಾಡು ತರೋಣವೆಂದರೆ ಹೊಸಪೇಟೆಯ ಅಂಗಡಿಯಲ್ಲಿ ಮುಗಿದಿತ್ತು, ಹುಬ್ಬಳ್ಳಿಯಿಂದ ಬರಲು ವಾರ ಬೇಕು ಎಂದರು. ನಾನು ತೊಳೆಯುತ್ತೇನೆ ಎಂದೆ. ಅಂದೆನಾದರೂ ಒಳಗೊಳಗೆ ಅಳುಕು. ಕಂಬಳಿ ತೊಳೆಯುವುದನ್ನು ನೋಡಿದ್ದೆನೇ ಹೊರತು ನಾನಾಗಿ ತೊಳೆದಿದ್ದು ಕಡಿಮೆ. ಅದಕ್ಕೆ ಶನಿವಾರ ಬೆಳಿಗ್ಗೆ ಪ್ಯಾಡನ್ನು ಚೀಲದಲ್ಲಿ ಹಾಕಿಕೊಂಡು, ಕುಷ್ಟಗಿಗೆ ಒಂದು ಬಸ್ಸು, ಅಲ್ಲಿಂದ ತಾವರಗೇರಾಕ್ಕೆ ಇನ್ನೊಂದು ಬಸ್ಸು ಹಿಡಿದು ತವರಿಗೆ ಹೋದೆ.

ಮಗಳು ಹೇಳದೆ ಕೇಳದೆ ಬಂದಳೆಂದು ಅವ್ವ ಮೊದಲು ಗಾಬರಿಯಾದಳು. ಚೀಲದಿಂದ ಪ್ಯಾಡು ತೆಗೆದು ಅವಳ ಮುಂದೆ ಇಟ್ಟೆ.

"ಇದೇನ ಯವ್ವಾ ಇದು? ಯಾವ ಕುರಿ ಬೆನ್ನಿಂದು?"

"ಕಾರು ಉಜ್ಜೂದಬೇ."

ಅವ್ವ ಅದನ್ನು ಮಗುಚಿ ನೋಡಿದಳು. ಒಂದು ಎಳೆ ಕಿತ್ತು ಒಲೆಯ ಕೆಂಡಕ್ಕೆ ಹಿಡಿದಳು. ಕೂದಲು ಸುಟ್ಟ ನಾತ ಬಂತು, ಎಳೆ ಕರಿ ಹರಳಾಗಿ ಬೆರಳಲ್ಲಿ ಪುಡಿಯಾಯಿತು. "ಉಣ್ಣಿ ಖರೆ ಐತಿ," ಎಂದಳು. "ಆದ್ರ ನಮ್ಮ ಕಡೀ ಕುರೀದಲ್ಲ. ಯಾವುದೋ ತಂಪು ಸೀಮಿದಿರಬೇಕು, ಭಾಳ ಮೆತ್ತಗ ಐತಿ. ಇಷ್ಟ ಛಲೋ ಉಣ್ಣಿ ಹಿಂಗ ಹೊಲಸ ಮಾಡ್ಯಾರಲ್ಲ, ಏನ ಮಂದಿನೋ!"

ಆಮೇಲೆ ಮಣೆಯ ಮೇಲೆ ಕೂರಿಸಿ ಹೇಳಿಕೊಟ್ಟಳು. ಹೇಳುವಾಗ ಗಾಳಿಯಲ್ಲೇ ಅವಳ ಕೈಗಳು ತೊಳೆಯುತ್ತಿದ್ದವು.

"ಮೊದಲ ಒಣಗಿದ್ದಾಗ ಹಣಿಗಿಲೆ ಬಾಚು. ಮಣ್ಣೆಲ್ಲ ಉದರ್ಲಿ. ಸೀದಾ ನೀರಿಗೆ ಹಾಕಿದ್ಯೋ, ಮಣ್ಣು ಬುಡದಾಗ ಕುಂತು ಹೊರಗ ಬರೂದುಲ್ಲ. ಆಮ್ಯಾಲ ಅಂಟವಾಳಕಾಯಿ ನೆನಸಿದ ನೀರು. ಸಬಕಾರ ಹಚ್ಚಬ್ಯಾಡ, ನಿಮ್ಮ ಬೋರಿನ ಸವಳ ನೀರಾಗ ಸಬಕಾರ ಒಡದು ಉಣ್ಣಿಗೆ ಮೆತ್ಕೊಂತೈತಿ."

"ನೀರು ಬೆಚ್ಚಗಿರಬೇಕೇನಬೇ?"

"ಕೈಗೆ ಬಿಸಿನೂ ಅಲ್ಲ, ತಣ್ಣಗೂ ಅಲ್ಲ. ತಿಕ್ಕಬ್ಯಾಡ, ಹಿಂಡಬ್ಯಾಡ. ಅಂಗೈಲೆ ಒತ್ತಬೇಕು, ಬಿಡಬೇಕು, ಒತ್ತಬೇಕು, ಬಿಡಬೇಕು. ನೀರು ತಿಳಿ ಆಗೂಮಟ. ನೆಳ್ಳಾಗ ಒಣಗಿಸು."

ಹೊಲದಿಂದ ಬಂದ ಅಪ್ಪ ಕೇಳಿಸಿಕೊಂಡು, "ಕಾರಿಗೂ ಚಳಿ ಆಗ್ತೈತೇನು, ಕಂಬಳಿ ತೊಳ್ಯಾಕತ್ತೀರಿ?" ಎಂದು ನಕ್ಕ. ಅವ್ವ ಅಂಟವಾಳಕಾಯಿಯ ಗಂಟನ್ನೇ ಕಟ್ಟಿ ಕೊಟ್ಟಳು. ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು.

ಭಾನುವಾರ ಬೆಳಗಾದದ್ದೇ ಶೆಡ್ಡಿನ ಹಿಂದೆ ಬಕೆಟ್ಟು ಇಟ್ಟುಕೊಂಡು ಕೂತೆ. ಪ್ಯಾಡಿಗೆಂದು ಬೇರೆ ಹಣಿಗೆ ಎಲ್ಲಿಂದ ತರಲಿ? ನನ್ನದೇ ಕಟ್ಟಿಗೆಯ ಹಣಿಗೆಯಿಂದ ಬಾಚಿದೆ. ಕೆಳಗೆ ಹಾಸಿದ ಪೇಪರಿನ ಮೇಲೆ ಉದುರಿದ ಧೂಳು ನೋಡಿ ಚಾಚಾ, "ಇದ್ರಾಗ ಅರ್ಧ ಗದಗ ರೋಡ್ ಐತಲ್ಲ," ಎಂದರು. ನೊರೆ ಎದ್ದದ್ದನ್ನು ಕಂಡು, "ಇದು ರೀಠಾ ಅಲ್ಲೇನು? ನಮ್ಮಮ್ಮ ರೇಷ್ಮಿ ದುಪಟ್ಟಾ ತೊಳೀತಿದ್ಳು ಇದರಾಗ," ಎಂದರು. ನಾನು ಅಂಟವಾಳ ಅಂದೆ, ಅವರು ರೀಠಾ ಅಂದರು. ಸ್ವಲ್ಪ ಹೊತ್ತು ಅದೇ ವಾದವಾಯಿತು.

ಮೊದಲ ನೀರು ಸಿಮೆಂಟಿನ ಬಣ್ಣಕ್ಕೆ ಬಂತು, ಎರಡನೆಯದು ಹಾಲಿನ ಬಣ್ಣಕ್ಕೆ. ಒತ್ತಿದೆ, ಬಿಟ್ಟೆ. ಐದನೆಯ ನೀರಿಗೆ ಉಣ್ಣೆ ಬಿಳಿ ಕಂಡಿತು. ಜೊತೆಗೇ ಒದ್ದೆ ಉಣ್ಣೆಯ ವಾಸನೆಯೂ ಎದ್ದಿತು. ಮಳೆಯಲ್ಲಿ ನೆಂದು ಬಂದ ಹಿಂಡು ಹಟ್ಟಿಗೆ ನುಗ್ಗಿದಾಗಿನ ವಾಸನೆ. ನನ್ನ ಕೈ, ಸೆರಗು, ಎಲ್ಲ ಅದೇ.

ನಮ್ಮ ಮನೆಯವರು ಹತ್ತಿರ ಬಂದು ಮೂಗೆಳೆದರು. "ಏನಿದು ವಾಸನಿ?"

ಸೆರಗನ್ನು ಹಿಂದಕ್ಕೆ ಸರಿಸಿಕೊಂಡೆ. "ಕುರಿ ವಾಸನಿರಿ," ಎಂದೆ.

ಅವರು ಇನ್ನೊಂದು ಸಲ ಮೂಗೆಳೆದು, "ಛಲೋ ಐತಲ್ಲ. ದಿನಾ ಥಿನ್ನರ್ ಕುಡದು ಕುಡದು ಮೂಗ ಸತ್ತಿತ್ತು," ಎಂದು ಒಳಗೆ ಹೋದರು. ಅಷ್ಟೇ. ಒಂದು ವರ್ಷ ಸೆರಗು ಮೂಸಿ ನೋಡಿಕೊಂಡದ್ದು ನೆನೆದು ನನಗೆ ಅಲ್ಲೇ ಕೂತಲ್ಲಿ ನಗು ಬಂತು. ನಿಲ್ಲಿಸಲು ಆಗದಂಥ ನಗು.

ಒಣಗುವುದೊಂದು ಉಳಿಯಿತು. ನೆರಳಿನಲ್ಲಿ ಕಾಯಲು ಅವರಿಗೆ ತಾಳ್ಮೆಯಿಲ್ಲ. ನಾನು ಬಕೆಟ್ಟು ಚೆಲ್ಲಿ ಬರುವಷ್ಟರಲ್ಲಿ ಒದ್ದೆ ಪ್ಯಾಡನ್ನು ಮಷೀನಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿಯೇ ಬಿಟ್ಟಿದ್ದರು. ಶೆಡ್ಡಿನ ತುಂಬ ಮಳೆ! ತಗಡಿಗೆ, ಕಾರಿಗೆ, ಎದುರಿಗೆ ಚಹಾ ಕುಡಿಯುತ್ತ ನಿಂತಿದ್ದ ಚಾಚಾರ ಗಡ್ಡಕ್ಕೆ, ಕೈಯಲ್ಲಿದ್ದ ಚಹಾದ ಬಸಿಗೆ, ಕನ್ನಡಕಕ್ಕೆ. ಚಾಚಾ ಅಲ್ಲಾಡಲಿಲ್ಲ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ, "ನನ್ನೂ ಪಾಲಿಶ್ ಮಾಡಿದಿ. ಮುಗೀತಾ?" ಎಂದರು.

ಆದರೆ ಪ್ಯಾಡು ಅರ್ಧ ಒಣಗಿದ್ದು ಸುಳ್ಳಲ್ಲ. ಗಡ್ಡ ಒರೆಸಿಕೊಂಡ ಮೇಲೆ ಚಾಚಾರೇ ಖಾಲಿ ಬಣ್ಣದ ದೊಡ್ಡ ಡಬ್ಬಿ ತಂದರು. ಮಷೀನಿನ ಮೈಗೆ ಒಣ ಬಟ್ಟೆ ಸುತ್ತಿ, ಒಣ ಹಲಗೆಯ ಮೇಲೆ ನಿಂತು, ಪ್ಯಾಡನ್ನು ಡಬ್ಬಿಯೊಳಗೆ ಇಳಿಸಿ ತಿರುಗಿಸಿದರೆ ನೀರೆಲ್ಲ ಡಬ್ಬಿಯ ಗೋಡೆಗೆ ಹಾರಿತು. ಆಮೇಲೆ ತೆಳುವಾದ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ, ಜಂತಿಗೆ ನೇತುಹಾಕಿದೆ. ಜೂನಿನ ಗಾಳಿ ಜೋರಾಗಿ ಬೀಸುತ್ತಿತ್ತು. ಬಟ್ಟೆ ಧೂಳು ತಡೆಯಿತು, ಗಾಳಿ ತನ್ನ ಕೆಲಸ ಮಾಡಿತು. ಮಧ್ಯಾಹ್ನ ಬಿಚ್ಚಿ ಇನ್ನೊಮ್ಮೆ ಬಾಚಿದೆ. ಮೂರು ತಿಂಗಳ ಕುರಿಮರಿಯ ಮೈಯಂತೆ ಉಬ್ಬಿ ನಿಂತಿತು.

ಅದೇ ಪ್ಯಾಡಿನಿಂದ ನಮ್ಮ ಮನೆಯವರು ಇಡೀ ಕಾರನ್ನು ಮತ್ತೆ ಉಜ್ಜಿದರು. ಸಂಜೆ ಬಿಸಿಲು ಇಳಿಯುವ ಮೊದಲೇ ಹೊರಗೆ ನೂಕಿದೆವು. ಒಂದು ಗೀರೂ ಇರಲಿಲ್ಲ. ನಮ್ಮ ಮನೆಯವರು ಒಂದು ಸುತ್ತು ಬಂದರು, ಎರಡು ಸುತ್ತು ಬಂದರು, ಆಮೇಲೆ ನನ್ನ ರಟ್ಟೆ ಹಿಡಿದು ಬಾನೆಟ್ಟಿನ ಮುಂದೆ ನಿಲ್ಲಿಸಿದರು. ಕಪ್ಪು ಕನ್ನಡಿಯಲ್ಲಿ ನಾನು ಕಂಡೆ. ಮೂಗುತಿ ಹೊಳೆಯುತ್ತಿತ್ತು, ತಲೆ ಮಾತ್ರ ಕೆದರಿತ್ತು. ಬೆಳಿಗ್ಗೆಯಿಂದ ಹಣಿಗೆ ಪ್ಯಾಡಿನ ಹತ್ತಿರವೇ ಇತ್ತಲ್ಲ.

ಸೋಮವಾರ ನಸುಕಿನಲ್ಲೇ ಅಕ್ಕೋರು ಬಂದರು. ಇಸ್ತ್ರಿ ಮಾಡಿದ ಹಸಿರು ಸೀರೆ, ಮುಡಿಯಲ್ಲಿ ಅಬ್ಬಲಿಗೆ ಹೂವು. ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡರು. ಸ್ಟೀರಿಂಗ್ ಹಿಡಿದು ಕೂತಾಗ ಗಾಡಿ ಎರಡು ಸಲ ಜಿಗಿದು ನಿಂತಿತು. "ನೂಕೂದು ಬ್ಯಾಡ್ರಿ, ಯಾರೂ ಮುಟ್ಟಬ್ಯಾಡ್ರಿ!" ಎಂದು ಕೂಗಿ, ಮೂರನೆಯ ಸಲಕ್ಕೆ ಹೊರಟೇ ಬಿಟ್ಟರು. ಯಲಬುರ್ಗಾದ ದಾರಿಗೆ ತಿರುಗುವವರೆಗೂ ಹಾರ್ನು ಬಾರಿಸುತ್ತಲೇ ಹೋದರು.

ಅಂದಿನಿಂದ ಶೆಡ್ಡಿನಲ್ಲಿ ಪ್ಯಾಡಿನ ಕೆಲಸ ನನ್ನದಾಯಿತು. ನಮ್ಮ ಮನೆಯವರು ಬಜಾರದಿಂದ ಎರಡು ಹಣಿಗೆ ತಂದರು, ಒಂದು ನನಗೆ, ಒಂದು ಪ್ಯಾಡಿಗೆ. ಪ್ಯಾಡಿಗೆ ತಂದದ್ದೇ ಹೆಚ್ಚು ಚೆಂದವಿತ್ತು. ಹೊರಗಿನ ಮೊಳೆಯನ್ನು ನಾನೇ ಕಿತ್ತು ಎಸೆದೆ. ಉಜ್ಜುವ ಒರಟು ಕಾಂಪೌಂಡಿಗೆ ಒಂದು ಪ್ಯಾಡು, ಕೊನೆಯ ಹೊಳಪಿಗೆ ಇನ್ನೊಂದು. ಒಂದರದ್ದು ಇನ್ನೊಂದಕ್ಕೆ ಸೋಂಕಬಾರದೆಂದು ಹಳೆ ಲಂಗಗಳಲ್ಲಿ ಕೆಂಪು, ನೀಲಿ ಚೀಲ ಹೊಲಿದೆ. ಕೆಳಗೆ ಬಿದ್ದ ಪ್ಯಾಡನ್ನು ಬಾಚದೆ ಕಾರಿಗೆ ಮುಟ್ಟಿಸಿದರೆ ಅವತ್ತು ಬುತ್ತಿ ಇಲ್ಲ ಎಂದು ಹೇಳಿಟ್ಟಿದ್ದೆ.

ನನ್ನಿಂದಲೂ ತಪ್ಪಾಗಲಿಲ್ಲವೆಂದಲ್ಲ. ಒಂದು ಸಲ ಅವಸರಕ್ಕೆ ಪ್ಯಾಡನ್ನು ಕಾದ ತಗಡಿನ ಮೇಲೆ ಒಣಹಾಕಿದ್ದೆ. ಉಣ್ಣೆಯೇನೋ ಒಣಗಿತು, ಆದರೆ ಪ್ಯಾಡಿನ ಬೆನ್ನಿಗಿದ್ದ ಅಂಟು ಮೆತ್ತಗಾಗಿತ್ತು. ನಮ್ಮ ಮನೆಯವರು ಮಷೀನು ಶುರು ಮಾಡಿದ್ದೇ ತಡ, ಪ್ಯಾಡು ಕಿತ್ತುಕೊಂಡು ತಟ್ಟೆಯ ಹಾಗೆ ಹಾರಿ, ಶೆಡ್ಡು ದಾಟಿ ಬಂದು, ಪುಂಡಿಪಲ್ಲೆಯ ಪಾತ್ರೆಯ ಮೇಲೆ ಸರಿಯಾಗಿ ಕೂತಿತು. "ಮುಚ್ಚಳ ಬಂತು ನೋಡ್ರಿ," ಎಂದರು ಚಾಚಾ. ಅವತ್ತು ಮೂವರೂ ಬರೀ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಕೆಲವು ವರ್ಷಗಳ ಮೇಲೆ ಸ್ಪಂಜಿನ ಪ್ಯಾಡು ಬಂದವು. ಹಳದಿ, ಕಪ್ಪು, ನೋಡಲು ಕೇಕಿನ ಹಾಗೆ. ಮೊದಲನೆಯದನ್ನು ಉಣ್ಣೆಯಂತೆ ಬಾಚಲು ಹೋಗಿ ಚೂರು ಚೂರು ಮಾಡಿದೆ. ಅವ್ವನ ವಿದ್ಯೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಮೇಲೆ ನಾನಾಗಿಯೇ ಕಲಿತೆ. ಕಾಂಪೌಂಡು ಒಣಗುವ ಮೊದಲೇ ನೀರಿಗೆ ಬಿಡಬೇಕು, ತಿರುಚಬಾರದು, ಎರಡು ಅಂಗೈಗಳ ನಡುವೆ ಒತ್ತಿ, ಮುಖ ಕೆಳಗೆ ಮಾಡಿ ಒಣಗಿಸಬೇಕು, ನೀರು ಬೆನ್ನಿನ ಅಂಟಿಗೆ ಇಳಿಯದ ಹಾಗೆ. ಕೊಪ್ಪಳಕ್ಕೆ ಬಂದಿದ್ದ ಅವ್ವ ಅದನ್ನು ಕೈಯಲ್ಲಿ ಹಿಸುಕಿ ನೋಡಿ, "ಇದಕ್ಕ ಕುರಿನೂ ಇಲ್ಲ, ಮರಿನೂ ಇಲ್ಲ. ಆದ್ರೂ ಒರಟ ಹಿಡೀಬ್ಯಾಡ," ಎಂದಳು.

ಸುದ್ದಿ ಹಬ್ಬಿತು. ಕುಷ್ಟಗಿ, ಗಂಗಾವತಿಯ ಪೇಂಟರುಗಳು ಬಸ್ಸಿನಲ್ಲಿ ಪ್ಯಾಡು ಕಳಿಸತೊಡಗಿದರು. ಧೂಳಾಗಬಾರದೆಂದು ಒಬ್ಬ ಟಿಫಿನ್ ಡಬ್ಬಿಯಲ್ಲಿಟ್ಟು ಕಳಿಸಿದ್ದ. ಕಂಡಕ್ಟರ್ ಇಳಿಸಿಕೊಡುತ್ತ, "ಅಕ್ಕಾ, ಗಂಗಾವತಿಯಿಂದ ಊಟ ಬಂದೈತಿ, ಭಾಳ ಹಗರ ಐತಿ ನೋಡ್ರಿ," ಎಂದ. ಮುಚ್ಚಳ ತೆಗೆದು ತೋರಿಸಿದಾಗ ಅವನ ಮುಖ ನೋಡಬೇಕಿತ್ತು.

ಎಷ್ಟಂತ ಕಳಿಸುತ್ತಾರೆ? ಒಂದು ಅಮಾವಾಸ್ಯೆಗೆ, ಗ್ಯಾರೇಜುಗಳಿಗೆಲ್ಲ ರಜೆ ಇರುವ ದಿನ, ಗಂಗಾವತಿಯವರು ನಮ್ಮನ್ನೇ ಕರೆದರು. ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದ ಚಾಚಾ ಕೂಡ ಹೊಸ ಜುಬ್ಬಾ ಹಾಕಿಕೊಂಡು ಹೊರಟರು. ದೊಡ್ಡ ಶೆಡ್ಡಿನ ಅಂಗಳದಲ್ಲಿ ಹತ್ತು ಹನ್ನೆರಡು ಮಂದಿ ಗಂಡಸರು, ಒಬ್ಬೊಬ್ಬರ ಮುಂದೆ ಒಂದೊಂದು ಬಕೆಟ್ಟು. "ಅಕ್ಕಾ, ಎರಡ ಮಾತ ಹೇಳ್ರಿ," ಎಂದು ನನ್ನನ್ನು ಮುಂದೆ ನಿಲ್ಲಿಸಿದರು. ಭಾಷಣ ಮಾಡಿ ಗೊತ್ತಿಲ್ಲ. ಅವರ ಕೈಗಳನ್ನು ನೋಡಿದೆ. ಬಾಯಿಗೆ ಬಂದದ್ದು ಇಷ್ಟೇ: "ಮೊದಲ ಎಲ್ಲಾರೂ ಉಗುರು ತಗೀರಿ."

ಒಂದೇ ನೇಲ್‌ಕಟರು ಸಾಲಿನ ತುಂಬ ಓಡಾಡಿತು. ಆಮೇಲೆ ಬಾಚಿಸಿದೆ, ನೆನೆಸಿಸಿದೆ, ಒತ್ತಿಸಿದೆ. ಯಾರೋ ಹಿಂಡಲು ಹೋದರೆ ಚಾಚಾ ಕುರ್ಚಿಯಿಂದಲೇ, "ಏ, ಕತ್ತ ಹಿಚಕಬ್ಯಾಡೋ!" ಎಂದು ಕೂಗುತ್ತಿದ್ದರು. ದೊಡ್ಡ ದೊಡ್ಡ ಮೀಸೆಯವರು ಮೊಣಕಾಲೂರಿ ಕೂತು, ಉಸಿರು ಬಿಗಿಹಿಡಿದು ನೊರೆಯೊಳಗೆ ಕೈಯಾಡಿಸುವುದನ್ನು ನೋಡಿ ನಮ್ಮ ಮನೆಯವರು ಗೋಡೆಗೆ ಮುಖ ಮಾಡಿ ನಗುತ್ತಿದ್ದರು. ಮಧ್ಯಾಹ್ನಕ್ಕೆ ಹಗ್ಗದ ತುಂಬ ಬಿಳಿ ಪ್ಯಾಡುಗಳು, ಬಟ್ಟೆಯ ಚೀಲಗಳಲ್ಲಿ, ಸಾಲಾಗಿ ತೂಗುತ್ತಿದ್ದವು. ಗಂಗಾವತಿಯ ಅನ್ನ, ಸಾರು, ಕೋಸಂಬರಿ ಉಂಡು ಎದ್ದೆವು.

ವಾಪಸ್ಸು ಬರುವಾಗ ಹಿಟ್ನಾಳದಲ್ಲಿ ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿನ್ನುತ್ತ ಕೂತಿದ್ದೆವು. ಅಂಗಡಿಯ ಮುಂದೆ ಒಂದು ಹೊಸ ಕೆಂಪು ಕಾರು ಬಂದು ನಿಂತಿತು. ಚಾಚಾ ಎದ್ದು ಹೋಗಿ, ಮಂಜುಗಣ್ಣನ್ನು ಅದರ ಬಾಗಿಲಿಗೆ ತಾಗಿಸುವಷ್ಟು ಹತ್ತಿರ ಒಯ್ದು ನೋಡಿ ಬಂದರು.

"ಇದನ್ನ ಪಾಲಿಶ್ ಮಾಡಿದಾವ ಇವತ್ತಿನ ಕ್ಲಾಸಿಗೆ ಬಂದಿದ್ದಿಲ್ಲ," ಎಂದರು ಗಟ್ಟಿಯಾಗಿ.

ಕಾರಿನವನು ಕೇಳಿಸಿಕೊಂಡ. ಬಗ್ಗಿ ತಾನೂ ನೋಡಿದ. "ಹೌದಲ್ಲರೀ, ಎಲ್ಲಾ ಕಡೆ ಸುತ್ತು ಸುತ್ತು ಗೀರು! ಇದು ಹೋಗ್ತೈತೇನ್ರಿ? ಯಾರ ಮಾಡ್ತಾರ ಇದನ್ನ?"

ನಮ್ಮ ಮನೆಯವರ ಬಾಯಿ ತುಂಬ ಮಿರ್ಚಿ ಇತ್ತು. ಮಾತಾಡಲಾಗದೆ, ಕೈಯೆತ್ತಿ ನನ್ನನ್ನು ತೋರಿಸಿದರು.